ಚೊಚ್ಚಲ ಬಾಣಂತನ

ಅಲ್ಫರೆಟಾ, ಜಾರ್ಜಿಯಾ
೨ ಅಕ್ಟೋಬರ್ ೨೦೧೧

ಅವ್ವ,

ಮೊನ್ನೆ ಫೋನನ್ನು ಅರ್ಧಕ್ಕೇ ಇಟ್ಟೆ. ಇನ್ನು ಮುಂದೆ ಬರೆಯುತ್ತೇನೆ. ಬರೆಯುವಾಗ ಅತ್ತರೆ ನಿನಗೆ ಕೇಳಿಸುವುದಿಲ್ಲ. ನನ್ನ ಕನ್ನಡದಲ್ಲಿ ತಪ್ಪು ಹುಡುಕಬೇಡ. ಹತ್ತನೇ ವಯಸ್ಸಿಗೆ ಗುಳೇದಗುಡ್ಡದಿಂದ ಕಿತ್ತು ತಂದು ಮೇರಿಲ್ಯಾಂಡಿನಲ್ಲಿ ನೆಟ್ಟವಳು ನೀನೇ.

ಡ್ಯೂ ಡೇಟ್ ಮಾರ್ಚ್ ಹತ್ತು ಎಂದು ಡಾಕ್ಟರ್ ಹೇಳಿದ್ದಾರೆ. ಹೇಳುವಾಗ ಆಕೆ ಕೇಳಿದರು, ನಿಮ್ಮ ತಾಯಿಯೂ ಇದೇ ಕೆಲಸದವರಂತೆ, ಬರುತ್ತಾರಲ್ಲವೇ ಎಂದು. ನಾನು ನಕ್ಕೆ. ಅಷ್ಟು ವರ್ಷ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಊರವರಿಗೆಲ್ಲ ಹೆರಿಗೆ ಮಾಡಿಸಿದೆ. ಶಾಲೆಯಲ್ಲಿ ನನ್ನ ನಾಟಕವಿದ್ದ ದಿನವೂ ನಿನಗೆ ಯಾರದೋ ಹೆರಿಗೆ ಇರುತ್ತಿತ್ತು. ಪ್ರಾಕ್ಟೀಸ್ ಬಿಟ್ಟ ಮೇಲಾದರೂ ನನಗೆ ಸಿಗುತ್ತೀ ಎಂದುಕೊಂಡರೆ ಅಫ್ಘಾನಿಸ್ತಾನಕ್ಕೆ ಹೋಗಿ ಕೂತಿದ್ದೀ. ಅಪ್ಪ ಇದ್ದಿದ್ದರೆ ಬಿಡುತ್ತಿರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನೀನೇ ಯಾರನ್ನೋ ಬೈಯುತ್ತಿದ್ದುದು ನೆನಪಿದೆ.

ಪವನನ ಅಮ್ಮನಿಗೆ ಮೈಸೂರಿನಲ್ಲಿ ಮಂಡಿ ಆಪರೇಷನ್ ಆಗಿದೆ, ಅತ್ತೆಯೂ ಬರುವ ಹಾಗಿಲ್ಲ. ಬಾಣಂತನಕ್ಕೆ ನನಗೆ ಬೇರೆ ಯಾರೂ ಇಲ್ಲ. ಬರುತ್ತೀಯೋ ಇಲ್ಲವೋ, ಒಂದೇ ಮಾತಿನಲ್ಲಿ ಬರೆ.

ಶೀತಲ್

*

ಬದಖ್ಶಾನ್, ಅಫ್ಘಾನಿಸ್ತಾನ
೧೬ ಅಕ್ಟೋಬರ್ ೨೦೧೧

ನನ್ನ ಸಿಟ್ಟಿನ ಮಗಳೇ,

ಒಂದೇ ಮಾತು: ಬರುತ್ತೇನೆ. ಇನ್ನುಳಿದದ್ದು ನಿನಗೆ ಬೇಕಾದರೆ ಓದು.

ನಮ್ಮ ಸಂಸ್ಥೆಯ ಇಲ್ಲಿನ ಆಫೀಸಿನಲ್ಲಿ ಜನರೇಟರ್ ಓಡುವ ಹೊತ್ತಿನಲ್ಲಿ ನನ್ನ ಕಾಗದವನ್ನು ಸ್ಕ್ಯಾನ್ ಮಾಡಿ ನಿನಗೆ ಇಮೇಲ್ ಮಾಡುತ್ತಾರೆ. ನಿನ್ನದನ್ನು ಪ್ರಿಂಟ್ ತೆಗೆದು ಕೊಡುತ್ತಾರೆ. ಕೊಟ್ಟವನು ಒಳ್ಳೆಯ ಸುದ್ದಿಯೇ ಎಂದು ಕೇಳಿದ. ಮಗಳು ಬೈದಿದ್ದಾಳೆ ಎಂದೆ. ಹಾಗಾದರೆ ಒಳ್ಳೆಯದೇ ಎಂದ.

ನಾನು ಇಲ್ಲಿ ಹಳ್ಳಿಯ ಹುಡುಗಿಯರಿಗೆ ಸೂಲಗಿತ್ತಿಯ ಕೆಲಸ ಕಲಿಸುತ್ತೇನೆ. ಮೂರು ಕೋಣೆಯ ಆಸ್ಪತ್ರೆ. ನಾನಿರುವುದು ಬೀಬಿ ಹವಾ ಎಂಬವಳ ಮನೆಯಲ್ಲಿ. ಅವಳ ಗಂಡ ಕಾಕಾ ರಹೀಮ್‌ಗೆ ಒಂದಷ್ಟು ಏಪ್ರಿಕಾಟ್ ಮರಗಳಿವೆ. ದೊಡ್ಡ ಮಗ ಯುದ್ಧದಲ್ಲಿ ಸತ್ತ, ಚಿಕ್ಕವನು ದುಡಿಯಲು ಇರಾನಿಗೆ ಹೋಗಿದ್ದಾನೆ. ಮಗಳೊಬ್ಬಳಿದ್ದಳು, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಆಗ ಈ ಊರಿನಲ್ಲಿ ಆಸ್ಪತ್ರೆ ಇರಲಿಲ್ಲ. ಈಗ ಮನೆಯಲ್ಲಿರುವುದು ಮುದುಕ, ಮುದುಕಿ, ಚಿಕ್ಕವನ ಹೆಂಡತಿ ಸನೋಬರ್. ಹತ್ತೊಂಬತ್ತರ ಹುಡುಗಿ, ಅವಳೂ ಬಸುರಿ. ಹೆತ್ತ ತಾಯಿ ಇಲ್ಲ, ಅವರ ಹಳ್ಳಿಯ ಮೇಲೆ ಬಾಂಬು ಬಿದ್ದಾಗ ಹೋದಳು.

ನಾನು ಮಾಂಸ ತಿನ್ನುವುದಿಲ್ಲ ಎಂದು ಮೊದಲ ದಿನ ಹೇಳಿದೆ. ಮರುದಿನ ಬೀಬಿ ಹವಾ ಒಂದು ಹೊಸ ಗಡಿಗೆ ತಂದಳು. ಅದರಲ್ಲಿ ನನ್ನ ಕಾಳು, ನನ್ನ ಸೊಪ್ಪು. ಅದನ್ನು ತೊಳೆಯುವ ನಾರೂ ಬೇರೆ. ಲಿಂಗ ಕಟ್ಟಿಕೊಂಡ ನನ್ನ ಅತ್ತೆಯೂ ನನ್ನ ಊಟಕ್ಕೆ ಇಷ್ಟು ಕಾಳಜಿ ಮಾಡಲಿಲ್ಲ. ಅವರ ಮನೆಯಲ್ಲಿ ಮಾಂಸ ಬೇಯುವುದು ತಿಂಗಳಿಗೊಮ್ಮೆ. ಆ ದಿನ ಒಲೆಯನ್ನೇ ಅಂಗಳಕ್ಕೆ ಒಯ್ಯುತ್ತಾರೆ.

ಮಾತು ನಡೆಯುತ್ತದೆ. ಗುಳೇದಗುಡ್ಡದ ಸಂತೆಯಲ್ಲಿ ಕಲಿತ ಉರ್ದು ಇಲ್ಲಿ ಅರ್ಧ ದಾರಿಯವರೆಗೆ ಒಯ್ಯುತ್ತದೆ, ಉಳಿದರ್ಧ ಕೈಸನ್ನೆ. ನಿನ್ನ ಕಾಗದ ಬಂದ ದಿನ ಬೀಬಿ ಹವಾ ನನ್ನ ಮುಖ ನೋಡಿ ಕೇಳಿದಳು. ನಮ್ಮಲ್ಲಿ ಮಗಳ ಚೊಚ್ಚಲ ಹೆರಿಗೆ, ಬಾಣಂತನ ತಾಯಿಯದೇ, ಅದು ತಪ್ಪಿದರೆ ಮಗಳು ಸಾಯುವ ತನಕ ಆಡಿಕೊಳ್ಳುತ್ತಾಳೆ ಎಂದೆ. ಸ್ವಲ್ಪ ಬಣ್ಣ ಹಚ್ಚಿಯೇ ಹೇಳಿದೆ. ಮುದುಕಿ ಬಹಳ ಹೊತ್ತು ತಲೆಯಾಡಿಸಿದಳು. ಅಂದಿನಿಂದ ಮನೆಗೆ ಬಂದವರಿಗೆಲ್ಲ, ಇವಳು ಏಪ್ರಿಕಾಟ್ ಹೂವು ಅರಳುವ ಮೊದಲೇ ಮಗಳ ಹತ್ತಿರ ಹೋಗಬೇಕು ಎಂದು ಹೇಳುತ್ತಿದ್ದಾಳೆ.

ಫೆಬ್ರವರಿ ಇಪ್ಪತ್ತಕ್ಕೆ ಹೊರಡುತ್ತೇನೆ. ಕಬ್ಬಿಣದ ಮಾತ್ರೆ ತಪ್ಪಿಸಬೇಡ.

ನಿನ್ನ ಅವ್ವ

*

ಅಲ್ಫರೆಟಾ
೪ ಡಿಸೆಂಬರ್ ೨೦೧೧

ಅವ್ವ,

ಕಳೆದ ಶನಿವಾರ ಇಲ್ಲಿನ ಕನ್ನಡದವರೆಲ್ಲ ಸೇರಿ ನನಗೆ ಸೀಮಂತ ಮಾಡಿದರು. ಹಸಿರು ಸೀರೆ, ಹಸಿರು ಬಳೆ. ನಮ್ಮ ಬಡಾವಣೆಯ ಊರ್ಮಿಳಾ ಆಂಟಿ ನಿನ್ನ ಜಾಗದಲ್ಲಿ ನಿಂತು ಉಡಿ ತುಂಬಿದರು. ಅವರು ಧಾರವಾಡದವರು. ಹೊಟ್ಟೆ ನೋಡಿ ಗಂಡು ಎಂದು ತೀರ್ಪು ಕೊಟ್ಟಿದ್ದಾರೆ. ಎಲ್ಲರೂ ನೀನೆಲ್ಲಿ ಎಂದು ಕೇಳಿದರು. ಪವನ ಪ್ರತಿಯೊಬ್ಬರಿಗೂ ಹೆಮ್ಮೆಯಿಂದ ಹೇಳುತ್ತಿದ್ದ. ನನಗೆ ಆ ಹೆಮ್ಮೆ ಬರಲಿಲ್ಲ, ಸುಳ್ಳು ಹೇಳುವುದಿಲ್ಲ.

ಬೀಬಿ ಹವಾ ಒಳ್ಳೆಯವರು, ಓದಿದೆ. ಆದರೆ ನಿನ್ನ ಕಾಗದದ ತುಂಬ ಅವರೇ ಇದ್ದಾರೆ. ನಿನ್ನ ಸುತ್ತ ಗುಂಡು ಹಾರುತ್ತಿದೆಯೇ, ನಿನಗೆ ಹೆದರಿಕೆ ಆಗುತ್ತದೆಯೇ ಎಂದು ಒಂದು ಸಾಲೂ ಇಲ್ಲ. ಇಲ್ಲಿ ಟಿವಿಯಲ್ಲಿ ಆ ದೇಶದ ಹೆಸರು ಬಂದರೆ ಪವನ ಚಾನೆಲ್ ಬದಲಿಸುತ್ತಾನೆ. ನಾನು ಆಫೀಸಿನಲ್ಲಿ ಕೂತು ಕದ್ದು ಓದುತ್ತೇನೆ.

ಟಿಕೆಟ್ ತೆಗೆದ ಕೂಡಲೇ ತಿಳಿಸು. ನಾನೇ ಏರ್‌ಪೋರ್ಟಿಗೆ ಬರುತ್ತೇನೆ. ಹೊಟ್ಟೆ ಸ್ಟೀರಿಂಗಿಗೆ ತಗಲಿದರೂ ಸರಿ.

ಶೀತಲ್

*

ಬದಖ್ಶಾನ್
೨೨ ಜನವರಿ ೨೦೧೨

ಶೀತಲ್,

ಟಿಕೆಟ್ ಆಗಿದೆ. ಕಾಬೂಲ್, ದುಬೈ, ಅಟ್ಲಾಂಟಾ. ಫೆಬ್ರವರಿ ಇಪ್ಪತ್ತೆರಡಕ್ಕೆ ನಿನ್ನ ಮನೆಯಲ್ಲಿರುತ್ತೇನೆ. ನೀನು ಡ್ರೈವ್ ಮಾಡಬೇಡ, ಪವನನನ್ನು ಕಳಿಸು.

ಹೆದರಿಕೆ ಆಗುತ್ತದೆಯೇ ಎಂದು ಕೇಳಿದ್ದೀ. ಆಗುತ್ತದೆ. ಗುಡ್ಡದ ಮೇಲೆ ಬಂದೂಕಿನವರು ಬಂದು ಕೂತಿದ್ದಾರೆ, ಕೆಳಗೆ ಸರ್ಕಾರದ ಸೈನಿಕರು. ನಡುವೆ ನಮ್ಮ ಊರು. ಕೆಲವೊಮ್ಮೆ ನಾಲ್ಕು ದಿನ ಏನೂ ಇರುವುದಿಲ್ಲ. ಆಮೇಲೆ ಒಂದು ಮಧ್ಯಾಹ್ನವಿಡೀ ನೆಲಮಾಳಿಗೆಯಲ್ಲಿ ಈರುಳ್ಳಿ ಚೀಲದ ಪಕ್ಕ ಕೂತಿರುತ್ತೇವೆ. ಅಲ್ಲಿ ಸನೋಬರ್ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಅವಳಿಗೆ ಧೈರ್ಯ ಕೊಡುತ್ತಿದ್ದೇನೆ ಎಂದು ಮೊದಮೊದಲು ಅಂದುಕೊಂಡಿದ್ದೆ. ನನಗೇ ಬೇಕೆಂದು ಹಿಡಿಯುತ್ತಾಳೆ ಎಂದು ಈಚೆಗೆ ತಿಳಿಯಿತು.

ಈ ತಿಂಗಳು ಆಸ್ಪತ್ರೆಗೆ ಬರಬೇಕಾದ ಡೀಸೆಲ್ ಬರಲಿಲ್ಲ. ಹೆರಿಗೆ ಕೋಣೆಯಲ್ಲಿ ನೀರು ಹೆಪ್ಪುಗಟ್ಟಿತು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಕಟ್ಟಿಗೆ ಬಿದ್ದಿತ್ತು. ಯಾರೂ ಕೂಗಿ ಹೇಳಿರಲಿಲ್ಲ. ಒಬ್ಬನು ಎರಡು ಕೊಂಬೆ, ಒಬ್ಬಳು ಮುರಿದ ತೊಟ್ಟಿಲಿನ ಹಲಗೆ. ಸೈನಿಕನೊಬ್ಬನ ತಾಯಿ ತಂದಿಟ್ಟಳು. ಗುಡ್ಡದ ಮೇಲೆ ಕೂತವನೊಬ್ಬನ ತಂಗಿಯೂ ತಂದಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಕಟ್ಟಿಗೆ ಒಂದೇ ಒಲೆಯಲ್ಲಿ ಉರಿಯಿತು. ಅವರ ಮನೆಗಳಲ್ಲಿ ಆ ದಿನ ಏನು ಉರಿಸಿದರೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವಾಗಲಿಲ್ಲ.

ಸನೋಬರಳ ಮಗು ಹೊಟ್ಟೆಯಲ್ಲಿ ತಲೆ ಮೇಲೆ ಮಾಡಿ ಕೂತಿದೆ. ತಿರುಗದಿದ್ದರೆ ಕಷ್ಟದ ಹೆರಿಗೆ. ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಕರೆತರಬೇಕು, ಮನೆಯಲ್ಲಿ ಮಾಡಿಸಬೇಡ ಎಂದು ಬೀಬಿ ಹವಾಳಿಗೆ ಹತ್ತು ಸಲ ಹೇಳಿದ್ದೇನೆ. ನನ್ನ ಲೆಕ್ಕದಲ್ಲಿ ಮಾರ್ಚ್ ಕೊನೆಗೆ ಹೆರಿಗೆ. ಅಷ್ಟರಲ್ಲಿ ನಾನು ನಿನ್ನ ಹತ್ತಿರ ಇರುತ್ತೇನೆ, ಇಲ್ಲಿ ನಾನು ಕಲಿಸಿದ ಹುಡುಗಿಯರಿರುತ್ತಾರೆ.

ನಿನ್ನದು ತಲೆ ಕೆಳಗಿದೆಯೇ? ಡಾಕ್ಟರನ್ನು ಕೇಳಿ ಬರೆ.

ಅವ್ವ

*

ಅಲ್ಫರೆಟಾ
೨೬ ಫೆಬ್ರವರಿ ೨೦೧೨

ಅವ್ವ,

ಇದು ನಿನಗೆ ಸಿಗುತ್ತದೋ ಇಲ್ಲವೋ. ಇಪ್ಪತ್ತೆರಡಕ್ಕೆ ಪವನ ಏರ್‌ಪೋರ್ಟಿನಲ್ಲಿ ಮೂರು ಗಂಟೆ ಕಾದು ಒಬ್ಬನೇ ಬಂದ. ಬಾಗಿಲು ತೆಗೆದಾಗ ಅವನು ಬಾಯಿ ಬಿಡುವ ಮೊದಲೇ ನನಗೆ ತಿಳಿಯಿತು. ಕಾಬೂಲಿನ ಆಫೀಸಿನವರು ದಾರಿ ಮುಚ್ಚಿದೆ, ಊರಿನ ಫೋನು ಸತ್ತಿದೆ, ಕಾಯಿರಿ ಎನ್ನುತ್ತಾರೆ. ಕಾಯುತ್ತಿದ್ದೇನೆ.

ನಿನ್ನ ಮೇಲೆ ಇದ್ದ ಸಿಟ್ಟೆಲ್ಲ ಈಗ ಎಲ್ಲಿ ಹೋಯಿತೋ. ಬದುಕಿದ್ದೇನೆ ಎಂದು ಎರಡು ಅಕ್ಷರ ಕಳಿಸು, ಸಾಕು.

ಮಗುವಿನ ತಲೆ ಕೆಳಗಿದೆ.

ಶೀತಲ್

*

ಅಲ್ಫರೆಟಾ
೧೪ ಮಾರ್ಚ್ ೨೦೧೨

ಅವ್ವ,

ಗಂಡು ಮಗು. ಒಂಬತ್ತನೇ ತಾರೀಕು ಬೆಳಿಗ್ಗೆ. ನಾನು ಚೆನ್ನಾಗಿದ್ದೇನೆ, ಅವನೂ ಚೆನ್ನಾಗಿದ್ದಾನೆ. ಫೋಟೋ ಜೊತೆಗಿದೆ.

ಬಹಳ ಕೂಗಿದೆ, ಅವ್ವ. ನಾಚಿಕೆ ಬಿಟ್ಟು ಕೂಗಿದೆ. ಅವ್ವಾ ಅವ್ವಾ ಎಂದೇ ಕೂಗಿದೆನಂತೆ. ನರ್ಸ್ ಪವನನಿಗೆ ಆ ಪದದ ಅರ್ಥ ಕೇಳಿದಳು, ಆಮೇಲೆ ನನ್ನ ತಲೆ ಸವರುತ್ತ ಕೂತಳು. ಈಗ ಊರ್ಮಿಳಾ ಆಂಟಿ ದಿನಾ ಬರುತ್ತಾರೆ. ಅಂಟಿನ ಉಂಡೆ ಮಾಡಿ ತಂದಿದ್ದಾರೆ. ಮಗುವಿಗೆ ಎಣ್ಣೆ ಹಚ್ಚಿ ಎರೆಯುತ್ತಾರೆ, ಗ್ಯಾರೇಜಿನಲ್ಲಿ ಸಾಂಬ್ರಾಣಿ ಹಾಕಿ ನನ್ನ ಕೂದಲು ಒಣಗಿಸುತ್ತಾರೆ. ಅವರಿಗೆ ನಾನು ಯಾರೂ ಅಲ್ಲ, ಆದರೂ ಮಾಡುತ್ತಿದ್ದಾರೆ. ಅವರು ಬೆನ್ನು ಉಜ್ಜುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ, ನೀನೇ ಎಂದುಕೊಳ್ಳಲು.

ನೀನು ಕ್ಷೇಮವಾಗಿದ್ದೀ ಎಂದು ನಿನ್ನೆ ಕಾಬೂಲಿನಿಂದ ಫೋನ್ ಬಂತು. ದಾರಿ ಮುಚ್ಚಿದ್ದು ನಿನ್ನ ತಪ್ಪಲ್ಲ. ಅದಕ್ಕೇ ಬೈಯುತ್ತಿಲ್ಲ. ದಾರಿ ಇದ್ದಿದ್ದರೆ ನೀನು ಬರುತ್ತಿದ್ದೆ, ಅಷ್ಟು ನಂಬಿಕೆ ನನಗಿದೆ.

ನಿನ್ನ ಶೀತಲ್

*

ಬದಖ್ಶಾನ್
೨೫ ಮಾರ್ಚ್ ೨೦೧೨

ಶೀತಲ್,

ಫೋಟೋ ಇವತ್ತು ಸಿಕ್ಕಿತು. ಮೂಗು ನಿಮ್ಮಪ್ಪನದು. ಬೀಬಿ ಹವಾ ಅದನ್ನು ಓಣಿಯ ಎಲ್ಲ ಮನೆಗೂ ಒಯ್ದು ತೋರಿಸಿ ಬಂದಳು. ವಾಪಸು ಬರುವಷ್ಟರಲ್ಲಿ ಮಡಿಕೆ ಬಿದ್ದಿತ್ತು.

ನಿನ್ನ ಕಾಗದದ ಕೊನೆಯ ಸಾಲು ಓದಿದ ಮೇಲೆ ಇದನ್ನು ಬರೆಯಲೇಬೇಕು. ಕಾಬೂಲಿನವರು ಹೇಳಿದ್ದು ಸುಳ್ಳಲ್ಲ. ಆದರೆ ಮಾರ್ಚ್ ಆರರಂದು ಒಂದು ದಿನದ ಮಟ್ಟಿಗೆ ದಾರಿ ತೆರೆದಿತ್ತು. ಹೊರಟಿದ್ದೆ. ಹೊರಟವಳು ನಾನಾಗಿಯೇ ತಿರುಗಿ ಬಂದೆ. ಇದನ್ನು ಮುಚ್ಚಿಟ್ಟರೆ ನೀನು ಬೈಯುವುದಿಲ್ಲ, ಗೊತ್ತು. ಆದರೆ ಮುಚ್ಚಿಟ್ಟುಕೊಂಡು ಬಂದು ನಿನ್ನ ಮಗನನ್ನು ಹೇಗೆ ಎತ್ತಿಕೊಳ್ಳಲಿ?

ಫೆಬ್ರವರಿಯಲ್ಲಿ ಆಸ್ಪತ್ರೆಯ ಮೇಲೆ ಶೆಲ್ ಬಿತ್ತು. ಯಾರೂ ಸಾಯಲಿಲ್ಲ, ಆದರೆ ಕೆಲಸದ ಹುಡುಗಿಯರು ಅವರವರ ಹಳ್ಳಿಗೆ ಓಡಿದರು. ಊರಿನಲ್ಲಿ ಹೆರಿಗೆ ಬಲ್ಲವಳೆಂದರೆ ನಾನೊಬ್ಬಳೇ ಉಳಿದೆ. ಮಾರ್ಚ್ ಮೊದಲ ವಾರ, ಎರಡೂ ಕಡೆಯವರು ಹೆಣ ಹೂಳಲು ಒಂದು ದಿನ ಬಂದೂಕು ಇಳಿಸುತ್ತಾರೆಂದು ಸುದ್ದಿ ಬಂತು. ಕಾಕಾ ರಹೀಮ್ ನನಗೆ ಹೇಳದೆ ಗುಡ್ಡ ಹತ್ತಿ ಹೋದ. ಒಬ್ಬ ಅಜ್ಜಿ ಮೊಮ್ಮಗುವನ್ನು ನೋಡಲು ಹೋಗಬೇಕು, ಗಾಡಿ ಬಿಡಿ ಎಂದು ಬೇಡಿದನಂತೆ. ಅಲ್ಲಿದ್ದವನೊಬ್ಬನ ಹೆಂಡತಿಗೆ ನಾನು ಹೆರಿಗೆ ಮಾಡಿಸಿದ್ದೆ. ಬಿಟ್ಟರು.

ಹೊರಡುವ ದಿನ ಬೆಳಕು ಹರಿಯುವ ಮೊದಲೇ ಓಣಿಯ ಐದಾರು ಹೆಂಗಸರು ನಮ್ಮ ತಮಟೆಯಂಥ ದಫ್ ಹಿಡಿದುಕೊಂಡು ಬಂದರು. ಅಂಗಳದಲ್ಲಿ ಕೂತು ಬಾರಿಸಿ ಹಾಡತೊಡಗಿದರು. ಮೂರು ವಾರದಿಂದ ಗುಂಡಿಗೆ ಹೆದರಿ ಬಾಗಿಲು ತೆರೆಯದ ಹೆಂಗಸರು. ನನಗಾದ ಹೆಮ್ಮೆ ಏನು ಕೇಳುತ್ತೀ! ಈ ಜನ ನನ್ನನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂದು ಕಣ್ಣು ಒರೆಸಿಕೊಂಡೆ. ಸನೋಬರ್ ಬಾಗಿಲಿಗೆ ಒರಗಿ ನಿಂತು ದಾರಿಗೆ ರೊಟ್ಟಿಯ ಗಂಟು ಕೊಟ್ಟಳು. ಅಷ್ಟು ಚಳಿಯಲ್ಲೂ ಹಣೆ ಒದ್ದೆಯಾಗಿತ್ತು. ಅತ್ತಿದ್ದಾಳೆ ಎಂದುಕೊಂಡೆ. ಮೂವತ್ತು ವರ್ಷ ಹೆರಿಗೆ ಕೋಣೆಯಲ್ಲಿ ಕಳೆದ ಕಣ್ಣು ಆ ದಿನ ಅಲ್ಫರೆಟಾವನ್ನೇ ನೋಡುತ್ತಿತ್ತು.

ಒಂದು ಗಂಟೆ ದಾರಿ ಸಾಗಿತ್ತು. ಹಸಿವಾಗಿ ಗಂಟು ಬಿಚ್ಚಿದೆ. ಅವಸರಕ್ಕೆ ತನ್ನ ತಲೆಯ ವಸ್ತ್ರದಲ್ಲೇ ಕಟ್ಟಿದ್ದಳು. ಅದರ ಒಂದು ಅಂಚು ಹಲ್ಲಿನಿಂದ ಕಚ್ಚಿ ಕಚ್ಚಿ ನೂಲು ನೂಲಾಗಿತ್ತು, ಇನ್ನೂ ಹಸಿಯಾಗಿತ್ತು. ನೋವು ತಿನ್ನುವ ಹೆಂಗಸರು ಇಲ್ಲಿ ಬಟ್ಟೆ ಕಚ್ಚುತ್ತಾರೆ. ದಿನಾ ನೋಡುತ್ತಿದ್ದವಳು ನಾನು.

ಡ್ರೈವರ್ ನಾದಿರ್‌ಗೆ ಗಾಡಿ ತಿರುಗಿಸು ಎಂದೆ. ಅವನು ನನ್ನ ಕಡೆ ನೋಡಲಿಲ್ಲ. ಇವರ ಮಾತನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಹಾಗೇ ಕೇಳಿಸುತ್ತದೆ. "ಕಾಕಾ ಆಣಿ ಹಾಕಿಸ್ಯಾನ, ನಡುವ ನಿಲ್ಲಸಂಗಿಲ್ಲ. ನಿನ್ನಿ ಸಂಜಿಯಿಂದ ನೋವು ತಿನ್ನಾಕತ್ತಾಳ" ಎಂದ. ಅವನಿಗೂ ಗೊತ್ತಿತ್ತು. ಓಣಿಗೆಲ್ಲ ಗೊತ್ತಿತ್ತು. ಒಳಗಿನ ನರಳಾಟ ನನ್ನ ಕಿವಿಗೆ ಬೀಳಬಾರದೆಂದು ಆ ಹೆಂಗಸರು ದಫ್ ಬಾರಿಸಿದ್ದರು. ನಾನು ಅದನ್ನು ನನ್ನ ಸನ್ಮಾನ ಎಂದುಕೊಂಡಿದ್ದೆ.

ತಿರುವಿನಲ್ಲಿ ಗಾಡಿ ನಿಧಾನವಾದಾಗ ಬಾಗಿಲು ತೆಗೆದು ಇಳಿದೆ. ಹಿಮದಲ್ಲಿ ಊರಿನ ಕಡೆ ನಡೆಯತೊಡಗಿದೆ. ನೀನು ನೆನಪಾಗಲಿಲ್ಲ ಎಂದುಕೊಳ್ಳಬೇಡ. ಒಂದೊಂದು ಹೆಜ್ಜೆಗೂ ನೆನಪಾದೆ. ನಿನ್ನ ಸುತ್ತ ಆಸ್ಪತ್ರೆ ತುಂಬ ಜನ ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ನಿಜ, ಆದರೆ ಸಮಾಧಾನವಾಗಲಿಲ್ಲ. ಸ್ವಲ್ಪ ಹೊತ್ತಿಗೆ ನಾದಿರ್ ಗಾಡಿ ತಿರುಗಿಸಿಕೊಂಡು ಬಂದು ಹತ್ತಿಸಿಕೊಂಡ.

ಓಣಿಯಲ್ಲಿ ಈಗ ಯಾರೂ ಹಾಡುತ್ತಿರಲಿಲ್ಲ. ಸನೋಬರಳ ಕೂಗು ಓಣಿಯ ಬಾಯಿಗೇ ಕೇಳಿಸಿತು. ನಾನು ಹೋದ ಮೇಲೆ ಅವಳಿಗೆ ಕೂಗಲು ಬಿಡುವು ಸಿಕ್ಕಿತ್ತು. ಬೀಬಿ ಹವಾ ಬಾಗಿಲಲ್ಲಿ ಅಡ್ಡ ನಿಂತಳು. ಆರು ತಿಂಗಳಲ್ಲಿ ಅವಳು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

"ಯಾಕ ತಿರುಗಿ ಬಂದಿ? ಚೊಚ್ಚಲಕ ತಾಯಿ ಇರಬೇಕು ಅಂತ ನೀನ ಹೇಳಿದ್ದಿ. ಇಕಿಗೆ ನಾ ಅದೀನಿ. ಅಲ್ಲಿ ಆಕಿಗೆ ಯಾರದಾರ?"

ಹೆರಿಗೆಯಲ್ಲಿ ಏನಾಗಬಹುದು ಎಂದು ಆ ಮುದುಕಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತನ್ನ ಮಗಳನ್ನು ಹೂತ ಮೇಲೂ, ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನು ನಿನ್ನ ಕಡೆಗೆ ಕಳಿಸಿದ್ದಳು. ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಕೈ ತೊಳೆದುಕೊಂಡೆ.

ಮಧ್ಯಾಹ್ನಕ್ಕೆ ಹೆಣ್ಣು ಮಗು ಹುಟ್ಟಿತು, ನನ್ನ ಲೆಕ್ಕಕ್ಕಿಂತ ಮೂರು ವಾರ ಮೊದಲೇ, ಕಾಲು ಮುಂದಾಗಿ. ಉಳಿಯಿತು. ಸನೋಬರಳಿಗೆ ರಕ್ತ ಬಹಳ ಹೋಯಿತು. ಉಳಿದಿದ್ದಾಳೆ, ಆದರೆ ಇನ್ನೂ ಎದ್ದು ನಿಂತಿಲ್ಲ. ನಡುವೆ ಎರಡು ಸಲ ಜ್ವರ ಬಂತು. ಸಂಜೆಗೆ ದಾರಿ ಮತ್ತೆ ಮುಚ್ಚಿತು.

ಏಪ್ರಿಲ್ ನಾಲ್ಕಕ್ಕೆ ಸಂಸ್ಥೆಯ ಚಿಕ್ಕ ವಿಮಾನ ಬರುತ್ತದೆ, ನನಗೆ ಸೀಟಿದೆ. ಬರುತ್ತೇನೆ. ಇನ್ನು ಇಲ್ಲಿಯವರ ಯಾವ ನೆಪವನ್ನೂ ಹೇಳುವುದಿಲ್ಲ. ನೀನು ಬಾಗಿಲು ತೆಗೆಯದಿದ್ದರೆ ಊರ್ಮಿಳಾ ಅವರ ಮನೆಯಲ್ಲಿ ಇಳಿದುಕೊಂಡು, ನೀನು ಕರೆಯುವ ತನಕ ಕಾಯುತ್ತೇನೆ.

ನಿನ್ನ ಅವ್ವ

*

ಅಲ್ಫರೆಟಾ
೩೦ ಮಾರ್ಚ್ ೨೦೧೨

ಅವ್ವ,

ನಿನ್ನ ಕಾಗದ ಅರ್ಧ ಓದಿ ಫೋನನ್ನು ಸೋಫಾ ಮೇಲೆ ಎಸೆದೆ. ಉಳಿದರ್ಧ ಪವನ ಓದಿದ. ಅವನು ಏನಾದರೂ ಒಳ್ಳೆಯ ಮಾತು ಹೇಳಿದ್ದರೆ ಅವನ ಮೇಲೂ ಹಾರಿಬೀಳುತ್ತಿದ್ದೆ. "ಮುಂದಕ್ಕೆ ನೀನೇ ಓದು, ನಾನು ಓದಿ ಹೇಳೋ ಹಾಗಿಲ್ಲ ಇದು" ಎಂದು ಮಗುವನ್ನು ಎತ್ತಿಕೊಂಡು ಮಹಡಿಗೆ ಹೋದ.

ಓದಿದೆ. ಆರಕ್ಕೆ ಹೊರಟವಳು ತಿರುಗದೆ ಬಂದಿದ್ದರೆ ನೀನು ಎಂಟಕ್ಕೆ ಇಲ್ಲಿರುತ್ತಿದ್ದೆ. ನನ್ನ ನೋವು ಶುರುವಾದದ್ದು ಎಂಟರ ರಾತ್ರಿ. ಇದನ್ನು ನಾನು ಮರೆಯುವುದಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಮುಂದೆ ಬರುತ್ತದೋ ನೋಡೋಣ.

ಆದರೆ ಇನ್ನೊಂದು ವಿಷಯ ನನ್ನನ್ನು ಮಲಗಲು ಬಿಡುತ್ತಿಲ್ಲ. ನಾನು ಅಷ್ಟು ಕೂಗಿದೆನಲ್ಲ, ಅವ್ವ. ಬೆನ್ನ ಹುರಿಗೆ ಇಂಜೆಕ್ಷನ್ ಕೊಟ್ಟಿದ್ದರು, ಪಕ್ಕದಲ್ಲಿ ಗಂಡ ಇದ್ದ, ನರ್ಸ್ ಇದ್ದಳು. ಆದರೂ ತಡೆಯಲಾಗಲಿಲ್ಲ. ಆ ಹುಡುಗಿಗೆ ಏನೂ ಇರಲಿಲ್ಲ. ಸಂಜೆಯಿಂದ ಬೆಳಗಿನ ತನಕ ಬಟ್ಟೆ ಕಚ್ಚಿಕೊಂಡು ಸುಮ್ಮನಿದ್ದಳು. ನನಗೋಸ್ಕರ. ನನ್ನ ಮುಖ ಅವಳು ನೋಡಿಲ್ಲ. ಇಡೀ ಆರು ತಿಂಗಳು ನಾನು ಅವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಅವಳು ನನ್ನ ತಾಯಿಯನ್ನು ನನಗೆ ವಾಪಸು ಕಳಿಸಲು ನೋಡುತ್ತಿದ್ದಳು.

ಅವಳು ಇನ್ನೂ ಎದ್ದು ನಿಂತಿಲ್ಲ ಎಂದು ಬರೆದು, ಮುಂದಿನ ಸಾಲಿನಲ್ಲೇ ವಿಮಾನದ ತಾರೀಕು ಬರೆದಿದ್ದೀ. ನಡುವೆ ಏನು ಬಿಟ್ಟಿದ್ದೀ ಎಂದು ನನಗೆ ಗೊತ್ತಾಗುತ್ತದೆ. ಜ್ವರ ಬಂದ ಬಾಣಂತಿಯನ್ನು ಬಿಟ್ಟು ಬಂದರೆ ನೀನು ಇಲ್ಲಿ ನನ್ನ ಬೆನ್ನು ಉಜ್ಜುತ್ತ ಅಲ್ಲೇ ಇರುತ್ತೀ.

ಊರ್ಮಿಳಾ ಆಂಟಿಗೆ ಎಲ್ಲ ಹೇಳಿದೆ. ನಿನ್ನ ಬಾಣಂತನ ನಾನು ಪೂರ್ತಿ ಮಾಡುತ್ತೇನೆ, ಅರ್ಧಕ್ಕೆ ಬಿಡುವವಳಲ್ಲ ಎಂದರು. ಬೀಬಿ ಹವಾ ಇದ್ದಾರೆ, ಗೊತ್ತು. ಎಷ್ಟು ಒಳ್ಳೆಯವರಾದರೂ ಅತ್ತೆ ಅತ್ತೆಯೇ.

ನಾಲ್ಕರ ವಿಮಾನ ಹತ್ತಬೇಡ. ಸನೋಬರಳಿಗೆ ತಾಯಿ ಇಲ್ಲ. ಚೊಚ್ಚಲ ಬಾಣಂತನ ತಾಯಿಯೇ ಮಾಡಬೇಕು. ಅವಳು ಎದ್ದು ನಡೆದಾಡಿದ ಮೇಲೆ ಬಾ. ಆಗಲೂ ನಾನು ಸಿಟ್ಟಿನಲ್ಲೇ ಇರುತ್ತೇನೆ, ಆದರೆ ಬಾಗಿಲು ತೆಗೆಯುತ್ತೇನೆ.

ನಿನ್ನ ಮಗಳು,
ಶೀತಲ್